ಸೋಲೋ ಟೀಮಿಗೆ ದೃಷ್ಟಿ ತೆಗೆದದ್ದು

ಸೋಲೋ ಟೀಮುಗಳು ಎಲ್ಲ ಊರಲ್ಲೂ ಇರುತ್ತವೆ. ಆದರೆ ಪ್ರತಿ ಸಲವೂ ಸೋಲೋದಕ್ಕೆ ಒಂದು ಹೊಸ ದಾರಿ ಹುಡುಕಿಕೊಂಡು ಬರೋ ಟೀಮು ಅಂದರೆ ಜಪಾನಿನ ಕೋಬೆಯಲ್ಲಿ ನನ್ನ ಮಗ ಓದಿದ ಕಾಲೇಜಿನದು. ಆರೋಗ್ಯವಾಗಿದ್ದ ಕಾಲದಲ್ಲೇ ಅದರ ಹಣೆಬರಹ ಹಾಗಿತ್ತು, ಅದರ ಮೇಲೆ ಕೊರೊನಾ ಬೇರೆ ಬಂತು. ಆಮೇಲೆ ನಡೆದದ್ದನ್ನ ಯಾರಿಗಾದರೂ ಹೇಳಿದರೆ "ಸುಮ್ಮನೆ ಕಥೆ ಕಟ್ತೀರಾ" ಅಂತಾರೆ. ಕಥೆ ಕಟ್ಟೋದೇ ಆಗಿದ್ದರೆ ಒಂದಾದರೂ ಪಂದ್ಯ ಗೆಲ್ಲಿಸಿ ಹೇಳ್ತಿರಲಿಲ್ಲವಾ ನಾನು?

ಇದು ಒದೆಯೋ ಫುಟ್‌ಬಾಲ್ ಅಲ್ಲ

ಮೊದಲೇ ಹೇಳಿಬಿಡ್ತೀನಿ, ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಭುಜದ ಮೇಲೆ ಪೆಟ್ಟಿಗೆಯಂಥದ್ದು ಕಟ್ಟಿಕೊಂಡು, ಮೊಟ್ಟೆ ಆಕಾರದ ಒಂದು ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳ್ತಾರಲ್ಲ, ಆ ಅಮೆರಿಕದ ಫುಟ್‌ಬಾಲ್. ಕೋಬೆ ಕಡೆ ಕಾಲೇಜುಗಳಲ್ಲಿ ಇದರ ಹುಚ್ಚು ಜಾಸ್ತಿ. ನಾವು ಮೈಸೂರು ಬಿಟ್ಟು ಇಲ್ಲಿಗೆ ಬಂದಾಗ ಮಗ ಇನ್ನೂ ಅಂಗನವಾಡಿ ವಯಸ್ಸಿನವನು. ನಮ್ಮವರಿಗೆ ಸಾಫ್ಟ್‌ವೇರ್ ಕಂಪನಿ, ನನಗೆ ಅಡುಗೆಮನೆ. ಅವನು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟುಕೊಂಡು, ಸಿಟ್ಟು ಬಂದರೆ ಜಪಾನೀಸ್‌ನಲ್ಲಿ ಗೊಣಗಿಕೊಂಡು ಬೆಳೆದ. ಕಾಲೇಜು ಸೇರಿದ ವಾರವೇ ಮನೆಗೆ ಬಂದು ಅಮೆಫುಟೊ ಟೀಮು ಸೇರಿದ್ದೀನಿ ಅಂದ. ಇಲ್ಲಿನವರು ಈ ಆಟಕ್ಕೆ ಅಮೆಫುಟೊ ಅಂತಲೇ ಅನ್ನೋದು.

ನಮ್ಮ ಕಡೆ ಯಾರೂ ಇನ್ನೊಬ್ಬರಿಗೆ ಡಿಕ್ಕಿ ಹೊಡೆದವರಲ್ಲ. ಬಸ್ಸಲ್ಲಿ ಯಾರಾದರೂ ನಮ್ಮ ಕಾಲು ತುಳಿದರೆ ನಾವೇ ಸಾರಿ ಕೇಳೋ ಜಾತಿ. ಇವನು ನೋಡಿದರೆ ಹಂಚಿಕಡ್ಡಿ. ದಪ್ಪ ಆಗಬೇಕು ಅಂತ ಕೋಚ್ ಹೇಳಿದ್ದಕ್ಕೆ ನಾನು ದಿನಾ ಬೆಳಗ್ಗೆ ಬಿಸಿಬೇಳೆ ಬಾತು, ಸಾಯಂಕಾಲ ತುಪ್ಪದ ದೋಸೆ ಮಾಡಿ ಹಾಕಿದೆ. ದಪ್ಪ ಆದದ್ದು ನಮ್ಮವರು. ಮಗ ಮೊದಲ ವರ್ಷ ಪೂರ್ತಿ ಬೆಂಚಿನ ಕೊನೆಯಲ್ಲಿ ಕೂತು ಆಡೋರಿಗೆ ನೀರು ಕೊಟ್ಟ.

"ಬೇಜಾರಾಗಲ್ವೇನೋ?" ಅಂತ ಕೇಳಿದೆ.

"ನಾಲ್ಕು ವರ್ಷದಲ್ಲಿ ಒಂದೇ ಒಂದು ಮ್ಯಾಚ್ ಅಮ್ಮ. ಜಸ್ಟ್ ಒನ್. ಅಷ್ಟು ಸಾಕು" ಅಂದ. ಇಲ್ಲಿ ಹಾಗೇ. ನಾಲ್ಕನೇ ವರ್ಷ ಮುಗಿದ ಮೇಲೆ ಕೋಟು ಹಾಕಿಕೊಂಡು ಕಂಪನಿಗೆ ಹೋಗಿಬಿಡಬೇಕು, ಆಟ ಅನ್ನೋದು ಅಲ್ಲಿಗೆ ಮುಗೀತು. ಆ ಒಂದು ಪಂದ್ಯಕ್ಕೋಸ್ಕರ ನಾನು ಆಟದ ನಿಯಮ ಒಂದೂ ಅರ್ಥವಾಗದೆ ಎಲ್ಲ ಪಂದ್ಯಕ್ಕೂ ಹೋಗೋಕೆ ಶುರುಮಾಡಿದೆ.

ನಮ್ಮ ಟೀಮಿನ ಅಭಿಮಾನಿಗಳು ಅಂದರೆ ಒಂದು ಬೆಂಚು ಜನ. ಅದರಲ್ಲಿ ಹಿರಿಯರು ಒಬ್ಬರು ತಾತ. ಅದೇ ಕಾಲೇಜಲ್ಲಿ ಓದಿ, ರಿಟೈರ್ ಆದ ಮೇಲೂ ಪ್ರತಿ ಪಂದ್ಯಕ್ಕೆ ದೊಡ್ಡ ಡೋಲು ಹೊತ್ತುಕೊಂಡು ಬರೋರು. ನಮ್ಮವರು ಅವರಿಗೆ ಡೋಲು ತಾತ ಅಂತ ಹೆಸರಿಟ್ಟರು. ಅವರ ಪಕ್ಕದಲ್ಲಿ ಯಾವಾಗಲೂ ಒಬ್ಬ ತಾಯಿ. ಆಕೆಯ ಮಗ ನನ್ನ ಮಗನ ಓರಗೆಯವನು, ಮುಂದೆ ಕ್ಯಾಪ್ಟನ್ ಆದವನು.

ಕೊರೊನಾ ಸುದ್ದಿ ಶುರುವಾದಾಗ ಆ ತಾಯಿಗೆ ನಿದ್ದೆ ಇಲ್ಲ. "ಎದುರಾಳಿಗಳಿಂದ ನಮ್ಮ ಹುಡುಗರಿಗೆ ಅಂಟಿಬಿಟ್ಟರೆ ಏನು ಗತಿ ತಾತ?" ಅಂತ ಕೇಳಿದರು.

ಡೋಲು ತಾತ ಸ್ವಲ್ಪ ಯೋಚಿಸಿ ಹೇಳಿದರು: "ಹತ್ತಿರ ಹೋದರೆ ತಾನೇ ಅಂಟೋದು? ನಮ್ಮ ಹುಡುಗರು ಎದುರಾಳಿ ಹತ್ತಿರ ಹೋಗಿದ್ದನ್ನ ನಾನಂತೂ ನೋಡಿಲ್ಲ."

ಗುಡ್ಡ ಹತ್ತಿದ್ದು

ಎರಡನೇ ವರ್ಷ ಪಂದ್ಯ ನಡೆಯುತ್ತೆ, ಆದರೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ ಅಂದರು. ಹೆತ್ತವರಿಗೂ ಇಲ್ಲ. ಕ್ರೀಡಾಂಗಣದ ಹಿಂದೆ ಒಂದು ಗುಡ್ಡ ಇದೆ. ಕೋಬೆ ಅಂದರೆ ಈ ಕಡೆ ಸಮುದ್ರ, ಆ ಕಡೆ ಗುಡ್ಡ, ಮಧ್ಯೆ ಸಿಕ್ಕಿಹಾಕಿಕೊಂಡಿರೋ ಊರು. ಆ ಗುಡ್ಡದ ಕಾಲುದಾರಿಯಲ್ಲಿ ಒಂದು ತಿರುವಿಗೆ ನಿಂತರೆ ಮೈದಾನ ಪೂರ್ತಿ ಕಾಣುತ್ತೆ ಅಂತ ಪತ್ತೆ ಮಾಡಿದ್ದು ಡೋಲು ತಾತ.

ನಾವೆಲ್ಲ ಮಾಸ್ಕ್ ಹಾಕಿಕೊಂಡು, ಕೊಂಬಿನಿ ಅನ್ನೋ ಮೂಲೆ ಅಂಗಡಿಯಲ್ಲಿ ಅನ್ನದುಂಡೆ ಕಟ್ಟಿಸಿಕೊಂಡು ಗುಡ್ಡ ಹತ್ತಿದೆವು. ನಮ್ಮವರಿಗೆ ಮಂಡಿ ನೋವು. ಅರ್ಧ ದಾರಿಯಲ್ಲಿ ನಿಂತು, "ಗೆಲ್ಲೋ ಟೀಮಾಗಿದ್ದರೆ ಹತ್ತಬಹುದಿತ್ತು ಕಣೇ" ಅಂದರು. ನಾನು ಕೈ ಹಿಡಿದು ಎಳೆದುಕೊಂಡು ಹೋದೆ. ಮೇಲೆ ನಿಂತು ನೋಡಿದರೆ ಹುಡುಗರು ಸಾಸಿವೆ ಕಾಳಿನಷ್ಟು ಕಾಣ್ತಿದ್ದರು. ಬೆಂಚಿನ ಕೊನೆಯ ಕಾಳು ನನ್ನ ಮಗ ಅಂತ ಗುರುತು ಹಿಡಿದು ಅದಕ್ಕೇ ಕೈ ಬೀಸಿದೆ.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಗಾರ್ಡು ಏದುಸಿರು ಬಿಡ್ತಾ ಹತ್ತಿ ಬಂದ. ಟೋಪಿ ತೆಗೆದು ಬಗ್ಗಿ, "ಸುಮಿಮಾಸೆನ್, ಕ್ಷಮಿಸಿ, ಈ ವರ್ಷ ಪಂದ್ಯ ನೋಡೋದಕ್ಕೆ ಅನುಮತಿ ಇಲ್ಲ. ಇಲ್ಲಿಂದಲೂ ನೋಡಬಾರದು" ಅಂದ.

ಡೋಲು ತಾತನೂ ಬಗ್ಗಿ, "ನಾವು ಪಂದ್ಯ ನೋಡ್ತಿಲ್ಲ. ಗುಡ್ಡ ಹತ್ತೋ ಸಂಘದವರು. ಸ್ವಲ್ಪ ಸುಧಾರಿಸಿಕೊಳ್ತಿದ್ದೀವಿ" ಅಂದರು. ಬೆನ್ನ ಮೇಲೆ ಡೋಲು ಹಾಗೇ ಇತ್ತು.

ಗಾರ್ಡು ಡೋಲು ನೋಡಿದ. ನಮ್ಮ ಕೊರಳಲ್ಲಿದ್ದ ಟೀಮಿನ ನೀಲಿ ಟವೆಲ್ ನೋಡಿದ. ಆಮೇಲೆ ತಿರುಗಿ ಕೆಳಗಿನ ಸ್ಕೋರ್ ಬೋರ್ಡ್ ನೋಡಿದ. ಎದುರಾಳಿಗಳ ಕಡೆ ಅಂಕಿ ಏರ್ತಾನೇ ಇತ್ತು, ನಮ್ಮ ಕಡೆ ಒಂದು ದುಂಡನೆಯ ಸೊನ್ನೆ. ಅವನು ಬಹಳ ಹೊತ್ತು ನೋಡಿದ. ಕೊನೆಗೆ ಟೋಪಿ ಹಾಕಿಕೊಂಡು ಮೆತ್ತಗೆ, "ಹೌದು, ಇದನ್ನ ಯಾರೂ ಬೇಕು ಅಂತ ಹತ್ತಿ ಬಂದು ನೋಡೋದಿಲ್ಲ. ನಿಧಾನವಾಗಿ ಸುಧಾರಿಸಿಕೊಳ್ಳಿ" ಅಂತ ಹೇಳಿ ಇಳಿದುಹೋದ.

ಬೋರ್ಡ್ ಮನುಷ್ಯ

ಮೂರನೇ ವರ್ಷ ಒಳಗೆ ಬಿಟ್ಟರು, ಆದರೆ ಬಾಯಿ ತೆಗೆಯೋ ಹಾಗಿಲ್ಲ. ಕೂಗಿದರೆ ಎಂಜಲು ಹಾರುತ್ತೆ, ಸೋಂಕು ಹರಡುತ್ತೆ. ಚಪ್ಪಾಳೆ ತಟ್ಟಬಹುದು, ಡೋಲು ಬಾರಿಸಬಹುದು, ಅಷ್ಟೇ. ಇಬ್ಬರ ಮಧ್ಯೆ ಎರಡೆರಡು ಸೀಟು ಖಾಲಿ ಬಿಡಬೇಕು. ಇದನ್ನೆಲ್ಲ ನೋಡಿಕೊಳ್ಳೋಕೆ ನಡುವಯಸ್ಸಿನ ಒಬ್ಬ ಮನುಷ್ಯನನ್ನ ನಮ್ಮ ಬೆಂಚಿನ ಮುಂದೆ ನಿಲ್ಲಿಸಿದ್ದರು. ಅವನ ಕೈಯಲ್ಲಿ 'ದಯವಿಟ್ಟು ಧ್ವನಿ ಬೇಡ' ಅಂತ ಬರೆದ ಬೋರ್ಡು.

ನನ್ನ ಬಾಯಿಯ ಕಥೆ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನಮ್ಮ ಹುಡುಗ ಒಬ್ಬ ಕೈಗೆ ಬಂದ ಚೆಂಡು ಬಿಟ್ಟ ಕೂಡಲೇ, "ಅಯ್ಯೋ ನಿನ್ನ ಕೈಗಿಷ್ಟು" ಅಂತ ಕನ್ನಡದಲ್ಲಿ ಬಂದೇಬಿಟ್ಟಿತು. ಬೋರ್ಡ್ ಮನುಷ್ಯ ಓಡಿ ಬಂದು ನನ್ನ ಮುಂದೆ ಬೋರ್ಡು ಹಿಡಿದು ಬಗ್ಗಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಚೆಂಡು ಬಿಟ್ಟ. ಮತ್ತೆ ಓಡಿ ಬಂದ. ಮೂರನೇ ಸಲಕ್ಕೆ ಅವನು ಓಡಾಡೋದು ದಂಡ ಅಂತ ನನ್ನ ಎದುರಿಗೇ ನಿಂತುಬಿಟ್ಟ. ಬೋರ್ಡಿನ ಹಿಂದಿನಿಂದ ನಾನು ಪಂದ್ಯ ನೋಡಬೇಕು.

ನನಗೆ ರೇಗಿತು. "ಸುಮಿಮಾಸೆನ್, ಒಂದೇ ಮನೆಯಲ್ಲಿ ಇರೋ ಗಂಡ ಹೆಂಡತಿ ನಾವು. ಇಲ್ಲಿ ಎರಡು ಸೀಟು ದೂರ ಕೂತಿದ್ದೀವಿ. ಅಲ್ಲಿ ನೋಡಿ, ಅಷ್ಟೂ ಜನ ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡ್ತಿದ್ದಾರೆ. ಅವರಿಗೆ ದೂರ ಬೇಡವಾ?" ಅಂತ ಪಿಸುಗುಟ್ಟಿ ಕೇಳಿದೆ.

ಅವನು ಮೈದಾನ ನೋಡಿ, ಪಾಪ, ಪ್ರಾಮಾಣಿಕವಾಗಿ ಯೋಚನೆ ಮಾಡಿದ. "ಅವರು ಬಯಲಲ್ಲಿ ಇದ್ದಾರೆ" ಅಂದ.

"ನಾವೂ ಬಯಲಲ್ಲೇ ಇದ್ದೀವಿ."

ಇನ್ನೂ ಯೋಚಿಸಿದ. "ಅವರು ಮಾತಾಡ್ತಿಲ್ಲ" ಅಂದು ಬೋರ್ಡನ್ನ ಇನ್ನೊಂದು ಚೂರು ಹತ್ತಿರ ತಂದ.

ಎರಡು ಸೀಟು ಆಚೆಯಿಂದ ನಮ್ಮವರು ಅವನಿಗೆ ಬಗ್ಗಿ ನಮಸ್ಕಾರ ಮಾಡಿ, "ಅರಿಗಾತೋ, ಬಹಳ ಉಪಕಾರವಾಯ್ತು. ಮದುವೆಯಾದಾಗಿನಿಂದ ನನ್ನ ಕೈಲಿ ಆಗದೇ ಇದ್ದದ್ದನ್ನ ನಿಮ್ಮ ಬೋರ್ಡು ಮಾಡಿತು" ಅಂದರು. ಆ ದಿನ ಮನೆಯಲ್ಲಿ ಅನ್ನ ಮಾತ್ರ ಇತ್ತು, ಸಾರು ಇರಲಿಲ್ಲ.

ಕುಕ್ಕರ್ ಕೂಗಿದ್ದು

ಕೂಗೋ ಹಾಗಿಲ್ಲವಲ್ಲ, ಅದಕ್ಕೆ ಟೀಮಿನವರು ಒಂದು ಉಪಾಯ ಮಾಡಿದರು. ಅಭಿಮಾನಿಗಳೆಲ್ಲ ಮನೆಯಲ್ಲೇ ಫೋನಿನಲ್ಲಿ ಕೂಗಿ ರೆಕಾರ್ಡ್ ಮಾಡಿ ಕಳಿಸಿ, ಅದನ್ನೆಲ್ಲ ಸೇರಿಸಿ ಪಂದ್ಯದ ದಿನ ಸ್ಪೀಕರಿನಲ್ಲಿ ಹಾಕ್ತೀವಿ ಅಂತ ಮೆಸೇಜ್ ಬಂತು. ವರ್ಷದಿಂದ ಬಾಯಿ ಕಟ್ಟಿಕೊಂಡಿದ್ದವಳಿಗೆ ಹಬ್ಬ ಬಂದ ಹಾಗಾಯ್ತು. ಅಡುಗೆಮನೆಯಲ್ಲೇ ನಿಂತು ಗಂಟಲು ಹರಿಯೋ ಹಾಗೆ ಕೂಗಿದೆ, ಕಳಿಸಿದೆ. ಬೇರೆಯವರು ಕಳಿಸಿದ್ದು ಬೆಕ್ಕಿನ ಮರಿ ಧ್ವನಿ. ಹಾಗಾಗಿ ಹುಡುಗರು ನನ್ನದನ್ನೇ ಮೇಲೆ ಹಾಕಿ, ಅದನ್ನೇ ಮತ್ತೆ ಮತ್ತೆ ತಿರುಗಿಸಿದರು.

ಪಂದ್ಯದಲ್ಲಿ ಒಂದು ಪವಾಡ ನಡೀತು. ನಮ್ಮ ಹುಡುಗನೊಬ್ಬನ ಕೈಗೆ ಚೆಂಡು ಸಿಕ್ಕಿ, ಅದು ಕೈಯಲ್ಲೇ ಉಳಿದು, ಅವನು ಓಡೋಕೆ ಶುರುಮಾಡಿದ. ಮುಂದೆ ಯಾರೂ ಇಲ್ಲ. ದಾಟಿದರೆ ಅಂಕ ಸಿಗೋ ಗೆರೆವರೆಗೆ ಖಾಲಿ ಹುಲ್ಲು. ಸ್ಪೀಕರಿನಲ್ಲಿ ನನ್ನ ಧ್ವನಿ, "ಓಡೋ, ಓಡೋ." ಡೋಲು ತಾತ ಬಾರಿಸೋದು ಮರೆತು ಎದ್ದು ನಿಂತಿದ್ದರು.

ಆಗ ಸ್ಪೀಕರಿನಲ್ಲಿ, ರೆಕಾರ್ಡ್ ಮಾಡೋವಾಗ ನನ್ನ ಹಿಂದೆ ಒಲೆಯ ಮೇಲಿದ್ದ ಕುಕ್ಕರ್ ಕೂಗಿತು.

ರೆಫರಿ ಸೀಟಿ ಊದಿದರೆ ಆಟ ಅಲ್ಲಿಗೇ ನಿಲ್ಲಬೇಕು, ಅದು ಈ ಆಟದ ಕಟ್ಟಳೆ. ಹುಡುಗ ಗಕ್ಕನೆ ನಿಂತ. ಚೆಂಡನ್ನ ಮರ್ಯಾದೆಯಾಗಿ ಕೆಳಗಿಟ್ಟ. ಎಲ್ಲರೂ ನಿಂತರು. ರೆಫರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊದಿದ್ದು ಯಾರು? ನಾನಲ್ಲ, ನಾನಲ್ಲ. ಸಭೆ ಸೇರಿದರು. ಊದಿದ್ದು ಊದಿದ ಹಾಗೇ, ಆಟ ಇಲ್ಲಿಂದಲೇ ಮುಂದುವರಿಯಲಿ ಅಂತ ತೀರ್ಮಾನವಾಯ್ತು. ನಾನು ಮಾಸ್ಕನ್ನ ಕಣ್ಣಿನವರೆಗೂ ಎಳೆದುಕೊಂಡು ಕೂತೆ.

ಅಷ್ಟಕ್ಕೇ ಮುಗಿದಿದ್ದರೆ ಬದುಕಿಕೊಳ್ತಿದ್ದೆ. ರೆಕಾರ್ಡಿಂಗ್ ಸುತ್ತು ಹಾಕಿ ಹಾಕಿ ಬರ್ತಿತ್ತಲ್ಲ, ಕುಕ್ಕರ್ ಮತ್ತೆ ಕೂಗಿತು. ಈ ಸಲ ಹುಡುಗರು ಕಲಿತುಬಿಟ್ಟಿದ್ದರು, ಯಾರೂ ನಿಲ್ಲಲಿಲ್ಲ. ಆಮೇಲೆ ರೆಫರಿ ನಿಜವಾಗಿ ಊದಿದ. ನಮ್ಮ ಹುಡುಗರು ಇದೂ ಅದೇ ಅಂದುಕೊಂಡು ಡಿಕ್ಕಿ ಹೊಡೀತಾನೇ ಇದ್ದರು. ಅದಕ್ಕೆ ಶಿಕ್ಷೆ ಅಂತ ನಮ್ಮನ್ನೇ ಹಿಂದಕ್ಕೆ ಸರಿಸಿದರು. ಪಂದ್ಯ ಹೋಯ್ತು.

ಮನೆಗೆ ಬರೋವಾಗ ಟ್ರೇನಿನಲ್ಲಿ ಮಗ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇಳಿಯೋ ಸ್ಟೇಷನ್ ಬಂದಾಗ, "ಗ್ರೌಂಡಲ್ಲಿ ಅಷ್ಟು ಜನರಲ್ಲಿ ಅದು ಏನು ಸೌಂಡು ಅಂತ ಗೊತ್ತಾಗಿದ್ದು ನನಗೊಬ್ಬನಿಗೇ ಅಮ್ಮ" ಅಂದ.

"ಸಿಟ್ಟು ಬಂತೇನೋ?"

"ಇಲ್ಲ. ಹಸಿವಾಯ್ತು."

ಕ್ಷಮೆ ಕೇಳೋ ಫೋನು

ನಾಲ್ಕನೇ ವರ್ಷ ಬಂತು. ಎಲ್ಲ ಪಂದ್ಯ ಸೋತು ಕೊನೆಯದೊಂದು ಉಳಿದಿತ್ತು. ಮಗ ಇನ್ನೂ ಬೆಂಚಿನ ಕೊನೆಯಲ್ಲೇ. ನಾನು ದಿನಾ ದೇವರ ಮುಂದೆ ದೀಪ ಹಚ್ಚಿ ಕೇಳಿಕೊಳ್ತಿದ್ದೆ. ಅವನು ಮಾತ್ರ ನಗ್ತಾ ಇರ್ತಿದ್ದ. ಆದರೆ ರಾತ್ರಿ ಊಟಕ್ಕೆ ಮೊದಲು ಹೆಲ್ಮೆಟ್ ಒರೆಸಿ ಒರೆಸಿ ಇಡ್ತಿದ್ದ. ಒಂದು ಗೀರೂ ಬಿದ್ದಿರದ ಹೆಲ್ಮೆಟ್ ಅದು.

ಟೀಮಿನಲ್ಲಿ ಚೆನ್ನಾಗಿ ಆಡೋರಿಗೆಲ್ಲ ಹಾಸ್ಟೆಲ್‌ನಲ್ಲಿ ಜಾಗ ಕೊಟ್ಟಿದ್ದರು. ಇವನಿಗೆ ಕೊಟ್ಟಿರಲಿಲ್ಲ, ಮನೆಯಿಂದಲೇ ಹೋಗಿ ಬರ್ತಿದ್ದ. ಮೊದಮೊದಲು ನನಗೆ ಅದೂ ಒಂದು ಅವಮಾನ ಅನ್ನಿಸಿತ್ತು. ಕೊನೆಯ ಪಂದ್ಯಕ್ಕೆ ಒಂದು ವಾರ ಇರೋವಾಗ ಕೊರೊನಾ ಆ ಹಾಸ್ಟೆಲ್‌ಗೇ ನುಗ್ಗಿತು.

ಮೊದಲು ಫೋನು ಮಾಡಿದ್ದು ಕ್ಯಾಪ್ಟನ್ ತಾಯಿ. ಫೋನಿನಲ್ಲೇ ಬಗ್ಗಿದ್ದು ನನಗೆ ಕೇಳಿಸಿತು, ಧ್ವನಿ ಹತ್ತಿರ ಬಂದು ದೂರ ಹೋಯ್ತು. "ನನ್ನ ಮಗನಿಗೆ ಜ್ವರ ಬಂದಿದೆ. ನಿಮಗೆಲ್ಲ ತುಂಬ ತೊಂದರೆ ಕೊಟ್ಟ. ದಯವಿಟ್ಟು ಕ್ಷಮಿಸಿ" ಅಂದರು. ಜ್ವರ ಬಂದವರ ಮನೆಯವರೇ ಕ್ಷಮೆ ಕೇಳೋದು ಇಲ್ಲಿನ ಪದ್ಧತಿ ಅಂತ ಇಷ್ಟು ವರ್ಷ ಇದ್ದರೂ ತಿಳಿದಿರಲಿಲ್ಲ. "ಶುಂಠಿ, ಮೆಣಸು ಕುದಿಸಿ ಕುಡಿಸಿ" ಅಂದುಬಿಟ್ಟೆ.

ಆಮೇಲೆ ಸಾಲುಸಾಲಾಗಿ ಫೋನುಗಳು. ಒಬ್ಬೊಬ್ಬ ತಾಯಿಯೂ ಮಾಡಿ, ನನ್ನ ಮಗನಿಗೂ ಬಂತು, ಕ್ಷಮಿಸಿ ಅನ್ನೋದು. ನಾನು "ಅಯ್ಯೋ ಪಾಪ" ಅನ್ನೋದು. ನಿಜವಾಗಲೂ ಪಾಪ ಅನ್ನಿಸ್ತಿತ್ತು. ಆದರೆ ಒಂದೊಂದು ಫೋನಿಗೂ ಬೆಂಚಿನಲ್ಲಿ ಒಂದೊಂದು ಜಾಗ ಖಾಲಿಯಾಗಿ ನನ್ನ ಮಗ ಮುಂದಕ್ಕೆ ಸರೀತಿದ್ದನಲ್ಲ, ಹೆತ್ತ ಹೊಟ್ಟೆ ಏನು ಮಾಡುತ್ತೆ ಹೇಳಿ.

"ಅಮ್ಮ, ಸ್ಟಾಪ್ ಸ್ಮೈಲಿಂಗ್" ಅಂದ ಮಗ, ಗಂಭೀರವಾಗಿ.

"ಮಾಸ್ಕ್ ಹಾಕಿಕೊಂಡಿದ್ದೀನಲ್ಲೋ. ನಿನಗೆ ಹೇಗೆ ಗೊತ್ತಾಯ್ತು?"

"ಕಣ್ಣಲ್ಲಿ ಗೊತ್ತಾಗುತ್ತೆ. ಅವರೆಲ್ಲ ನನ್ನ ಫ್ರೆಂಡ್ಸ್."

ನಾಚಿಕೆಯಾಗಿ ಅಡುಗೆಮನೆಗೆ ಹೋದೆ. ಅಲ್ಲಿ ನಮ್ಮವರು ಬೆನ್ನು ತಿರುಗಿಸಿ ನಿಂತಿದ್ದರು. ಅವರ ಭುಜವೂ ನಗ್ತಿತ್ತು.

ಎರಡು ದಿನ ಬಿಟ್ಟು ಕೋಚ್ ಫೋನು ಮಾಡಿದರು. ನಮ್ಮವರು ಸ್ಪೀಕರ್ ಹಾಕಿದರು, ಮೂವರೂ ಸುತ್ತ ನಿಂತೆವು. ಕೋಚ್ ಗಂಟಲು ಸರಿಮಾಡಿಕೊಂಡು, "ಬೇರೆ ದಾರಿಯೇ ಉಳಿದಿಲ್ಲ. ನಿಮ್ಮ ಮಗನನ್ನ ಆಡಿಸಬೇಕಾಗಿ ಬಂದಿದೆ. ದಯವಿಟ್ಟು ಕ್ಷಮಿಸಿ" ಅಂದರು.

ಬ್ಯಾಡಗಿ ಖಾಲಿಯಾಗಿತ್ತು

ಆಡಿಸ್ತೀನಿ ಅಂದ ಮೇಲೆ ಕೋಚ್ ಇನ್ನೊಂದು ವಿಷಯ ಹೇಳಿದರು. ಟೀಮು ಇಳಿಸೋಕೆ ಕನಿಷ್ಠ ಇಷ್ಟು ಜನ ಇರಲೇಬೇಕು ಅಂತ ಲೀಗಿನ ನಿಯಮ. ನನ್ನ ಮಗನನ್ನ ಸೇರಿಸಿದರೆ ಸರಿಯಾಗಿ ಅಷ್ಟು ಜನ. ಒಬ್ಬ ಕಡಿಮೆಯಾದರೂ ಆಡದೆಯೇ ಸೋಲು. ಬಾಗಿಲಲ್ಲಿ ಜ್ವರ ನೋಡ್ತಾರೆ. ಕೆಮ್ಮು ಇದ್ದರೂ ಒಳಗೆ ಬಿಡೋದಿಲ್ಲ. ಡೋಲು ತಾತ ದಿನಾ ಫೋನು ಮಾಡಿ, "ಹುಡುಗ ಹೇಗಿದ್ದಾನೆ? ಸೀನಿದನಾ?" ಅಂತ ಕೇಳೋರು.

ಮಗನನ್ನ ಗಾಜಿನ ಲೋಟದ ಹಾಗೆ ನೋಡಿಕೊಂಡೆವು. ರೂಮಿಗೇ ಊಟ. ನಮ್ಮವರು ಆಫೀಸಿಗೆ ರಜ ಹಾಕಿ ಹಾಲಿನಲ್ಲಿ ಮಲಗಿದರು. ಫ್ರಿಜ್ ಬಾಗಿಲು ಮುಟ್ಟಿದರೂ ಕೈಗೆ ಸ್ಯಾನಿಟೈಸರ್. ಪಂದ್ಯದ ಬೆಳಗ್ಗೆ ಅವನು ನೀಲಿ ಯೂನಿಫಾರ್ಮ್ ಹಾಕಿಕೊಂಡು ಬಂದು ನಿಂತ. ನಾಲ್ಕು ವರ್ಷದಲ್ಲಿ ಅವನು ಅಷ್ಟು ಚೆನ್ನಾಗಿ ಕಂಡಿದ್ದೇ ಇಲ್ಲ. ಇಷ್ಟು ಜನ ಇವನನ್ನೇ ನಂಬಿಕೊಂಡು, ಇವನನ್ನೇ ನೋಡ್ತಾ ಕೂತಿದ್ದಾರೆ. ದೃಷ್ಟಿ ಆಗದೆ ಇರುತ್ತಾ?

ದೃಷ್ಟಿ ತೆಗೆದುಬಿಡೋಣ ಅಂತ ಹೊರಟೆ. ನಮ್ಮ ಮನೆಯ ಕ್ರಮ ಸುಲಭ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಮುಖದ ಮುಂದೆ ಇಳಿ ತೆಗೆದು, ಕೆಂಡಕ್ಕೋ ಕಾದ ಹೆಂಚಿಗೋ ಹಾಕೋದು. ದೃಷ್ಟಿ ಆಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರೋದಿಲ್ಲ. ನಮ್ಮಜ್ಜಿ ಹಾಕಿಕೊಟ್ಟ ಲೆಕ್ಕ.

ಡಬ್ಬಿ ತೆಗೆದು ನೋಡಿದರೆ ಬ್ಯಾಡಗಿ ಖಾಲಿ. ಟೋಕಿಯೋದ ನಿಶಿ ಕಸಾಯಿಯಲ್ಲಿರೋ ಗೆಳತಿ ಕಳಿಸಿದ್ದ ಗುಂಟೂರು ಮೆಣಸಿನಕಾಯಿ ಇತ್ತು. ಬ್ಯಾಡಗಿಗೆ ಬಣ್ಣ ಜಾಸ್ತಿ, ಇದಕ್ಕೆ ಬೆಂಕಿ ಜಾಸ್ತಿ. ಸಾರಿಗೆ ಒಂದೇ ಒಂದು ಹಾಕು ಅಂತ ಅವಳು ಎರಡೆರಡು ಸಲ ಹೇಳಿದ್ದಳು. ದೊಡ್ಡ ಪಂದ್ಯ, ದೊಡ್ಡ ದೃಷ್ಟಿ ಅಂತ ನಾನು ಒಂದು ಮುಷ್ಟಿ ತುಂಬ ತೆಗೆದುಕೊಂಡೆ. ಮಗನನ್ನ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಇಳಿ ತೆಗೆದು, ಕಾದ ಹೆಂಚಿಗೆ ಹಾಕಿದೆ.

ಘಾಟು ಬಂತು. ಬಂತು ಅಂದರೆ ಎಂಥಾ ಘಾಟು ಅಂತೀರಿ. ನಮ್ಮವರು ಹಾಲಿನಿಂದ ಕೆಮ್ಮಿಕೊಂಡು ಬಂದು ಕಿಟಕಿ ಹುಡುಕಿದರೆ ಕಣ್ಣು ಕಾಣಿಸ್ತಿಲ್ಲ. ಮೇಲೆ ಚಾವಣಿಯ ಅಲಾರಂ ಹೆಂಗಸಿನ ಧ್ವನಿಯಲ್ಲಿ ಬೆಂಕಿ ಬಿದ್ದಿದೆ, ಬೆಂಕಿ ಬಿದ್ದಿದೆ ಅಂತ ಶುರುಮಾಡಿತು. ಪಕ್ಕದ ಮನೆಯವರು ಕೆಮ್ಮಿದರು, ಅವರ ಪಕ್ಕದವರೂ ಕೆಮ್ಮಿದರು, ಟಪ್ ಟಪ್ ಅಂತ ಸಾಲಾಗಿ ಕಿಟಕಿ ಮುಚ್ಚಿಕೊಂಡರು. ಮಗ ಯೂನಿಫಾರ್ಮಿನಲ್ಲಿ ಎರಡಾಗಿ ಬಗ್ಗಿ ಕೆಮ್ಮುತ್ತಿದ್ದ.

ದಾರಿಯುದ್ದಕ್ಕೂ ನೀರು ಕುಡಿಸಿದೆ, ಕಲ್ಲುಸಕ್ಕರೆ ತಿನ್ನಿಸಿದೆ. ಕ್ರೀಡಾಂಗಣದ ಬಾಗಿಲಿಗೆ ಬರೋ ಹೊತ್ತಿಗೆ ಕೆಮ್ಮು ಗಂಟಲಲ್ಲಿ ನಿಂತಿತ್ತು. ಬಾಗಿಲಲ್ಲಿ ನಮ್ಮ ಬೋರ್ಡ್ ಮನುಷ್ಯನೇ. ಈ ಸಲ ಕಂಕುಳಲ್ಲಿ ಬೋರ್ಡು, ಕೈಯಲ್ಲಿ ಜ್ವರ ನೋಡೋ ಯಂತ್ರ. ಮಗನ ಹಣೆಗೆ ಹಿಡಿದ, ಜ್ವರ ಇಲ್ಲ. ಹೋಗಬಹುದು ಅಂತ ಕೈ ತೋರಿಸಿದ. ಮಗ ಹಾಗೇ ಹೋಗಿದ್ದರೆ ಆಗಿತ್ತು. ಆದರೆ ಇಲ್ಲಿನ ಆಟಗಾರರಿಗೆ ಮೊದಲ ದಿನದಿಂದ ಕಲಿಸೋದೇ ಒಂದು, ಮೈದಾನಕ್ಕೆ ಕಾಲಿಡೋ ಮುಂಚೆ ಬಗ್ಗಿ, ಗಟ್ಟಿಯಾಗಿ ನಮಸ್ಕಾರ ಹೇಳಬೇಕು. ಮಗ ಬಗ್ಗಿದ. ಗಟ್ಟಿಯಾಗಿ ಬಾಯಿ ತೆಗೆದ. ನಮಸ್ಕಾರದ ಬದಲು ಗುಂಟೂರು ಆಚೆ ಬಂತು.

ಬೋರ್ಡ್ ಮನುಷ್ಯ ಎರಡು ಹೆಜ್ಜೆ ಹಿಂದೆ ಹಾರಿದ. ಮಗನನ್ನ ಬಿಳಿ ಟೆಂಟಿಗೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಓಡಿದೆ.

"ಕಾಯಿಲೆ ಅಲ್ಲ. ನಾನು ಮನೆಯಲ್ಲಿ ಮೆಣಸಿನಕಾಯಿ ಸುಟ್ಟೆ" ಅಂದೆ.

"ಯಾಕೆ ಸುಟ್ಟಿರಿ?" ಅಂದ ಬೋರ್ಡ್ ಮನುಷ್ಯ.

"ಜನರ ಕೆಟ್ಟ ಕಣ್ಣು ಬಿದ್ದಿದ್ದರೆ ಹೋಗಲಿ ಅಂತ."

ಅವನು ಮಗನ ಕೆಂಪಾದ ಕಣ್ಣು ನೋಡಿ, ಕಣ್ಣಿಗೂ ತೊಂದರೆ ಇದೆ ಅಂತ ಇನ್ನೊಬ್ಬರಿಗೆ ಹೇಳಿದ. ಬರೀ ಘಾಟು, ನಮಗೂ ಇದೆ ನೋಡಿ ಅಂತ ತೋರಿಸೋಕೆ ನಾನು ಕೆಮ್ಮಿದೆ. ನನ್ನ ಮಾತಿಗೆ ಸಾಕ್ಷಿ ಅಂತ ನಮ್ಮವರೂ ಕೆಮ್ಮಿದರು. ಅವರಿಗಂತೂ ಶುರುವಾದದ್ದು ನಿಲ್ಲಲೇ ಇಲ್ಲ. ನಮ್ಮಿಬ್ಬರನ್ನೂ ಟೆಂಟಿಗೆ ಹಾಕಿದರು.

ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಫಲಿತಾಂಶ ಬರೋವರೆಗೂ ಕಾಯಬೇಕು. ಮಗ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡ್ತಾ ಕೂತಿದ್ದ. ಕೊನೆಗೆ ಬೋರ್ಡ್ ಮನುಷ್ಯ ಬಂದು, "ಮೂವರಿಗೂ ಏನೂ ಇಲ್ಲ, ಹೋಗಬಹುದು" ಅಂದ. ಮಗ ಹೆಲ್ಮೆಟ್ ಹಾಕಿಕೊಂಡು ಎದ್ದು ನಿಂತ.

ಅದೇ ಹೊತ್ತಿಗೆ ಸ್ಪೀಕರಿನಲ್ಲಿ ಘೋಷಣೆ ಬಂತು. ಆಟಗಾರರ ಹೆಸರು ಕೊಡಬೇಕಾದ ಸಮಯ ಮುಗಿದಿದೆ. ಬೇಕಾದಷ್ಟು ಜನ ಇಲ್ಲದ ಕಾರಣ ನಮ್ಮ ಕಾಲೇಜು ಸೋತಿದೆ. ಇಲ್ಲಿ ಟ್ರೇನು ಒಂದು ನಿಮಿಷ ತಡವಾದರೂ ಕ್ಷಮೆ ಕೇಳ್ತಾರೆ. ಅಂಥವರ ಹತ್ತಿರ ಸ್ವಲ್ಪ ಕಾಯಿರಿ ಅಂತ ಯಾವ ಬಾಯಲ್ಲಿ ಕೇಳಲಿ?

ಆಡದಿದ್ದರೂ ಕೊನೆಯಲ್ಲಿ ಎರಡೂ ಟೀಮು ಸಾಲಾಗಿ ನಿಂತು ಪ್ರೇಕ್ಷಕರಿಗೆ ಬಗ್ಗಬೇಕು. ಕೋಚ್ ಟೆಂಟಿನ ಕಡೆ ನೋಡಿ ಮಗನಿಗೆ ಕೈ ಸನ್ನೆ ಮಾಡಿದರು. ಅವನು ಓಡಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಹೆಲ್ಮೆಟ್ ಹಾಕಿಕೊಂಡು ಆ ಹುಲ್ಲಿನ ಮೇಲೆ ಓಡಿದ. ಸಾಲಿನ ಕೊನೆಯಲ್ಲಿ ನಿಂತು, ಹೆಲ್ಮೆಟ್ ತೆಗೆದು, ಎಲ್ಲರ ಜೊತೆ ಬಗ್ಗಿದ. ಡೋಲು ತಾತ ಒಂದೇ ಒಂದು ಪೆಟ್ಟು ಬಾರಿಸಿದರು. ಅಷ್ಟೇ ಅವನು ಆಡಿದ್ದು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಬೋರ್ಡ್ ಮನುಷ್ಯ ಅಭ್ಯಾಸದಿಂದ ಬೋರ್ಡು ಎತ್ತಿದವನು, ನನ್ನ ಮುಖ ನೋಡಿ ಇಳಿಸಿಕೊಂಡ.

ಎಲ್ಲರೂ ಬಾಗಿಲ ಹತ್ತಿರ ಸೇರಿದಾಗ ನಾನೇ ಮುಂದೆ ಹೋದೆ. ಮಗ ಹಾಸ್ಟೆಲ್‌ನಲ್ಲಿ ಜ್ವರದಿಂದ ಮಲಗಿದ್ದರೂ ಕ್ಯಾಪ್ಟನ್ ತಾಯಿ ಬಂದಿದ್ದರು. ಅವರೇ ಫೋನಿನಲ್ಲಿ ಕಲಿಸಿದ ಹಾಗೆ ಸೊಂಟ ಬಗ್ಗಿಸಿ, "ನನ್ನಿಂದ ನಿಮಗೆಲ್ಲ ತುಂಬ ತೊಂದರೆಯಾಯ್ತು. ದಯವಿಟ್ಟು ಕ್ಷಮಿಸಿ" ಅಂದೆ. ನಮ್ಮವರೂ ಬಗ್ಗಿದರು. ಬಗ್ಗಿದವರು ಕೆಮ್ಮಿದರು.

"ಬ್ಯಾಡಗಿ ಆಗಿದ್ದರೆ ಆಡ್ತಿದ್ದ ಕಣೇ" ಅಂದರು ಮೆಲ್ಲಗೆ.

ಯಾರಿಗೂ ಏನೂ ಅರ್ಥವಾಗಿರಲಿಲ್ಲ. ಡೋಲು ತಾತ ಮಗನ ಭುಜದ ಮೇಲೆ ಕೈ ಇಟ್ಟು, "ನಿಮ್ಮ ತಾಯಿ ಮಾಡಿದ್ದೇನು? ಸರಿಯಾಗಿ ಹೇಳು" ಅಂದರು. ಮಗ ಜಪಾನೀಸ್‌ನಲ್ಲಿ ಎಲ್ಲ ಬಿಡಿಸಿ ಹೇಳಿದ. ಯಾರಾದರೂ ನಮ್ಮನ್ನ ನೋಡಿ ಹೊಟ್ಟೆಕಿಚ್ಚು ಪಟ್ಟರೆ ದೃಷ್ಟಿ ಆಗುತ್ತೆ. ಅದು ಹೋಗಲಿ ಅಂತ ಮೆಣಸಿನಕಾಯಿ ಸುಡ್ತಾರೆ. ದೃಷ್ಟಿ ಆಗಿದ್ದರೆ ಘಾಟು ಬರೋದಿಲ್ಲ.

"ನಿಮ್ಮ ಮನೆಯಲ್ಲಿ ಘಾಟು ಬಂತಾ?"

"ಬಂತು ತಾತ. ಅಪಾರ್ಟ್‌ಮೆಂಟಿಗೆಲ್ಲ ಬಂತು."

"ಹಾಗಾದರೆ ಏನು ಅರ್ಥ?"

ಮಗ ನನ್ನ ಮುಖ ನೋಡಿದ. ಆ ದಿನ ಮೊದಲ ಸಲ ಅವನ ಕಣ್ಣಲ್ಲಿ ನಗು ಕಂಡಿತು. "ಯಾರೂ ಹೊಟ್ಟೆಕಿಚ್ಚು ಪಟ್ಟಿಲ್ಲ ಅಂತ ಅರ್ಥ" ಅಂದ.

ಡೋಲು ತಾತ ಖಾಲಿ ಮೈದಾನ ನೋಡಿದರು, ಸೊನ್ನೆ ನಿಂತಿದ್ದ ಸ್ಕೋರ್ ಬೋರ್ಡ್ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಗೌರವದಿಂದ ಬಗ್ಗಿ ಹೇಳಿದರು:

"ನಿಮ್ಮ ಮೆಣಸಿನಕಾಯಿ ಸರಿಯಾಗೇ ಹೇಳಿದೆ ಅಮ್ಮ. ನಮ್ಮ ಟೀಮ್ ನೋಡಿ ಹೊಟ್ಟೆಕಿಚ್ಚು ಪಡೋಕೆ ಯಾರಿಗೆ ತಲೆ ಕೆಟ್ಟಿದೆ?"